ಗೊಂಬೆಗಳ ಕೆಳಗಿದ್ದ ಕಾದಂಬರಿ

ಜಯನಗರದಲ್ಲಿ ಇನ್ನೂ ಖಾಲಿ ಸೈಟುಗಳಿದ್ದ ಕಾಲ ಅದು. ಸಂಜೆ ನಾವು ಆ ಸೈಟುಗಳಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಬೀದಿ ದೀಪ ಹತ್ತಿದ ಕೂಡಲೇ ಕೈಕಾಲು ತೊಳೆದು ದೇವರ ಮುಂದೆ ಕೂರಬೇಕು. ಕೂರದಿದ್ದರೆ ಅಪ್ಪ ಕೂಗುತ್ತಿರಲಿಲ್ಲ, ಗೇಟಿನ ಬಳಿ ಬಂದು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು. ಅಪ್ಪನಿಗೆ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಕೆಲಸ. ಯಾರು ಎಷ್ಟು ಹೊತ್ತಿಗೆ ಒಳಗೆ ಬಂದರು, ಯಾರು ತಡ ಎಂದು ನೋಡುವುದೇ ಅವರ ಉದ್ಯೋಗ. ಮನೆಗೆ ಬಂದರೂ ಅದೇ. ಚಪ್ಪಲಿ ಬಿಡುವ ಜಾಗ, ಕೊಡೆ ನೇತುಹಾಕುವ ಮೊಳೆ, ಸೀಮೆಎಣ್ಣೆ ಡಬ್ಬ ಇಡುವ ಮೂಲೆ, ಯಾವುದೂ ಬದಲಾಗುವಂತಿರಲಿಲ್ಲ. ನಾನು ಆ ಶಿಸ್ತಿನಲ್ಲೇ ಬೆಳೆದವಳು. ಇವತ್ತಿಗೂ ನನ್ನ ಮನೆಯಲ್ಲಿ ಕತ್ತಲಲ್ಲಿ ಕೈ ಚಾಚಿದರೆ ಬೆಂಕಿಪೊಟ್ಟಣ ಸಿಗುತ್ತದೆ.

ಆ ಶಿಸ್ತು ಒಂದೇ ಒಂದು ಸಲ ಕೆಟ್ಟಿತು. ಕೆಡಿಸಿದ್ದು ಅಮ್ಮನ ಕಾದಂಬರಿ.

ನಾನಾಗ ಐದನೇ ಕ್ಲಾಸು. ಅಮ್ಮ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಅಡುಗೆಮನೆಯ ಹೊಸಿಲಿಗೆ ಒರಗಿ ಬರೆಯುತ್ತಿದ್ದರು. ವನಜ ಎಂಬ ಸ್ಕೂಲ್ ಮೇಡಂ ಕಥೆ. ಗಂಡನ ಮನೆಯವರು ಕೆಲಸ ಬಿಡು ಎನ್ನುತ್ತಾರೆ, ವನಜ ಬಿಡುವುದಿಲ್ಲ, ಕಡೆಗೆ ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿಗೆ ಹೊರಡುತ್ತಾಳೆ. ಬರೆದು ಮುಗಿಸಿದ ಮೇಲೆ ಅಪ್ಪ ಅದನ್ನು ಪ್ರಕಾಶಕರೊಬ್ಬರಿಗೆ ಕೊಟ್ಟು ಬಂದರು. ಅವರು ತಿಂಗಳುಗಟ್ಟಲೆ ಇಟ್ಟುಕೊಂಡು, "ಹೆಂಗಸರ ಕಾದಂಬರಿ ಈಗ ಬೇಕಾದಷ್ಟಿವೆ ಸಾರ್, ಹೊಸ ಹೆಸರು ಓಡಲ್ಲ" ಎಂದು ವಾಪಸ್ಸು ಕೊಟ್ಟರು. ಅಮ್ಮ ಅದನ್ನು ಬಟ್ಟೆಯಲ್ಲಿ ಸುತ್ತಿ ಒಳಗಿಟ್ಟರು. ಸಿಟ್ಟು ಬಂದದ್ದು ಅಪ್ಪನಿಗೆ. ಅದೂ ಕಾದಂಬರಿ ಬೇಡವೆಂದದ್ದಕ್ಕಲ್ಲ, ಹೇಳಿದ ದಿನಕ್ಕೆ ಉತ್ತರ ಕೊಡಲಿಲ್ಲವೆಂದು.

"ಲಲಿತಾ, ನಾವೇ ಅಚ್ಚು ಹಾಕ್ಸೋಣ. ಅದ್ರಲ್ಲಿ ಏನಿದೆ? ಪೇಪರ್ ತರೋದು, ಪ್ರೆಸ್ಸಿಗೆ ಕೊಡೋದು, ಮಾರೋದು. ಒಂದಾದ ಮೇಲೆ ಒಂದು."

ಅಮ್ಮ ಅಕ್ಕಿ ಆರಿಸುತ್ತಿದ್ದರು. "ಯಾರು ತಗೋತಾರೆ?" ಎಂದರು.

"ಗೊತ್ತಿರೋರು ಎಷ್ಟು ಜನ ಇಲ್ಲ?"

"ಗೊತ್ತಿರೋರು ಓದೋದು ಓದೋದಲ್ಲ. ಗುರುತೇ ಇಲ್ಲದವರು ಒಬ್ಬರು ಓದ್ಬೇಕು. ನನ್ನ ಮುಖ ನೋಡದೆ ಓದ್ಬೇಕು. ಒಬ್ಬರಾದ್ರೂ ಸಾಕು."

ಆ ಮಾತು ಅಪ್ಪನ ಕಿವಿಗೆ ಬೀಳಲಿಲ್ಲ. ಅವರು ಆಗಲೇ ಪಂಚಾಂಗ ತೆಗೆದು ದಿನ ಗೊತ್ತುಮಾಡುತ್ತಿದ್ದರು. ಗಣೇಶನ ಹಬ್ಬದ ಹಿಂದಿನ ಸಂಜೆ ಪುಸ್ತಕ ಮನೆಗೆ ಬರಬೇಕು. ಪ್ರೆಸ್ಸಿನವನು ಹಬ್ಬ ಕಳೆಯಲಿ ಎಂದ. ಬೈಂಡಿಂಗಿನವನು ಇನ್ನೂ ಅಚ್ಚಾಗಬೇಕು ಎಂದ. ಅಪ್ಪ ದಿನಾ ಕಾರ್ಖಾನೆಯಿಂದ ನೇರವಾಗಿ ಅವರ ಬಾಗಿಲಿಗೆ ಹೋಗಿ ನಿಂತು ಕೈಗಡಿಯಾರ ನೋಡಿಕೊಂಡರು. ಅದು ಎಂಥವರನ್ನೂ ಕರಗಿಸುವ ನೋಟ. ಹಬ್ಬದ ಹಿಂದಿನ ಸಂಜೆ, ನಾವು ಕಡುಬಿಗೆ ಕಾಯಿ ತುರಿಯುತ್ತಿದ್ದಾಗ, ಮೊದಲ ಕಂತಿನ ಪುಸ್ತಕಗಳು ಆಟೋದಲ್ಲಿ ಬಂದವು. ಬೆಲ್ಲ ಏಲಕ್ಕಿಯ ವಾಸನೆಯ ನಡುವೆ ಹಸಿ ಮಸಿ, ಮೈದಾ ಅಂಟಿನ ವಾಸನೆ. ಅಪ್ಪ ಎದೆಯುಬ್ಬಿಸಿ, "ನೋಡಿದ್ರಾ, ಹೇಳಿದ ಟೈಮಿಗೆ" ಎಂದರು. ಉಳಿದ ಕಟ್ಟುಗಳು ಎರಡು ವಾರದ ಮೇಲೆ ಬಂದವು.

ಅಮ್ಮ ಒಂದು ಪ್ರತಿ ತೆಗೆದುಕೊಂಡು ಸೆರಗಿನಿಂದ ಒರೆಸಿ ದೇವರ ಮನೆಯಲ್ಲಿಟ್ಟರು. ತೆರೆಯಲಿಲ್ಲ. "ಅಚ್ಚಾದ ಮೇಲೆ ನೋಡಿದ್ರೆ ಬರೀ ತಪ್ಪೇ ಕಾಣ್ಸುತ್ತೆ" ಎಂದರು.

ಆಮೇಲೆ ಶುರುವಾಯಿತು ನೋಡಿ ಮಾರಾಟ. ಮಂಚದ ಕೆಳಗೆ ಪುಸ್ತಕ, ಕಿಟಕಿಯ ಕಟ್ಟೆಯಲ್ಲಿ ಪುಸ್ತಕ, ನಾನು ಓದಲು ಕೂರುವ ಮೂಲೆಯಲ್ಲಿ ಪುಸ್ತಕ. ಕೊಡೆಯ ಮೊಳೆಯನ್ನು ಮುಟ್ಟಬೇಕಾದರೆ ಕಟ್ಟಿನ ಮೇಲೆ ಹತ್ತಬೇಕು. ಇಂಥ ಮನೆಯಲ್ಲಿ ನಾನು ಅದುವರೆಗೆ ಬದುಕಿರಲಿಲ್ಲ. ಅಪ್ಪ ಮಾತ್ರ ಹುರುಪಿನಲ್ಲಿದ್ದರು. ಒಂದು ನಿಯಮವನ್ನೂ ಮಾಡಿದರು. ಮೊದಲ ಕಂತು ಪೂರ್ತಿ ಖಾಲಿಯಾಗುವ ತನಕ ಎರಡನೇ ಕಂತಿನ ಕಟ್ಟು ಬಿಚ್ಚಕೂಡದು.

ಗೇಟಿಗೆ ಒಂದು ಬೋರ್ಡು ಬರೆಸಿ ಹಾಕಿದರು, 'ಕಾದಂಬರಿ ಇಲ್ಲಿ ದೊರೆಯುತ್ತದೆ' ಎಂದು. ಬೋರ್ಡು ಕಂಡವರೆಲ್ಲ ಒಳಗೆ ಬಂದು ಕೇಳುತ್ತಿದ್ದುದು, "ಸಾರ್, ಮನೆ ಬಾಡಿಗೆಗಿದೆಯಾ?" ಆ ಕಾಲದಲ್ಲಿ ಗೇಟಿಗೆ ನೇತುಬಿದ್ದ ಹಲಗೆಗೆ ಇನ್ನೊಂದು ಅರ್ಥವಿರಲಿಲ್ಲ. ಅಪ್ಪ ಪ್ರತಿಯೊಬ್ಬರಿಗೂ ನಿಂತು ವಿವರಿಸುತ್ತಿದ್ದರು. ಅವರು ಕೇಳಿಕೊಂಡು, "ಹಾಗಾದ್ರೆ ಪಕ್ಕದಲ್ಲಿ ಎಲ್ಲಾದ್ರೂ ಇದೆಯಾ?" ಎನ್ನುತ್ತಿದ್ದರು. ಆಮೇಲೆ ಹ್ಯಾಂಡ್‌ಬಿಲ್ಲು. ಪೇಪರಿನವನಿಗೆ ಹೇಳಿ ಬೀದಿ ಬೀದಿಗೆ ಹಂಚಿಸಿದರು. ಮರುವಾರ ಶಾಪಿಂಗ್ ಕಾಂಪ್ಲೆಕ್ಸಿನ ಹತ್ತಿರ ನಾನು ಕೊಂಡ ಕಡಲೇಕಾಯಿಯ ಪೊಟ್ಟಣದ ಮೇಲೆ ಅಮ್ಮನ ಹೆಸರಿತ್ತು. ಗಾಂಧಿಬಜಾರಿನ ಪುಸ್ತಕದ ಅಂಗಡಿಯವರು, "ಇಟ್ಟು ಹೋಗಿ ಸಾರ್, ಹೋದ್ರೆ ನೋಡೋಣ" ಎಂದರು. ಅಪ್ಪ ಪ್ರತಿ ಶನಿವಾರ ಹೋಗಿ ನೋಡಿದರು. ಇಟ್ಟಲ್ಲೇ ಇತ್ತು, ಮೇಲೊಂದಿಷ್ಟು ಅಡುಗೆ ಪುಸ್ತಕಗಳೂ ಸೇರಿದ್ದವು.

ಇನ್ನು ಗುರುತಿನವರು. ಅವರ ಕಾಟದ ಮುಂದೆ ಇದೆಲ್ಲ ಏನೂ ಅಲ್ಲ. ಬಂದವರೆಲ್ಲ ಸಜ್ಜಿಗೆ ತಿಂದು, ಕಾಫಿ ಕುಡಿದು, "ಎಲ್ಲಿ, ನಮ್ಮ ಕಾಪಿ?" ಎಂದು ಕೈ ಚಾಚುತ್ತಿದ್ದರು. ಪಕ್ಕದ ಮನೆಯ ಪದ್ಮಮ್ಮನಿಗೆ ಅಪ್ಪ ಧೈರ್ಯ ಮಾಡಿ ಬೆಲೆ ಹೇಳಿದರು. ಪದ್ಮಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ನಿಮ್ಮನೆ ಪುಸ್ತಕಕ್ಕೆ ನಾನು ದುಡ್ಡು ಕೊಟ್ಟರೆ ನಿಮಗೇ ಅವಮಾನ ಅಲ್ವೇನ್ರೀ? ಲಲಿತಮ್ಮ ಏನಂದ್ಕೋತಾರೆ?"

ಇದಕ್ಕೆ ನನ್ನ ಬಳಿ ಉತ್ತರವಿತ್ತು, ಆದರೆ ಮಕ್ಕಳು ಮಾತಾಡುವ ಹಾಗಿರಲಿಲ್ಲ. ಅಮ್ಮ ಒಳಗಿನಿಂದ ಬಂದು ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಸಹಿ ಹಾಕಿ, ಎಲೆಯಡಿಕೆಯ ಜೊತೆ ಕೊಟ್ಟುಬಿಟ್ಟರು. ಹೀಗೆಯೇ ಮೊದಲ ಕಂತು ಖಾಲಿಯಾಯಿತು. ಎಲ್ಲರೂ ಓದಿದರು. ಕನಿಷ್ಠ ಎಲ್ಲರೂ ಹಾಗೆಂದರು. "ಎಷ್ಟು ಚೆನ್ನಾಗಿದೆ ರೀ", "ಕೆಳಗಿಡೋಕೇ ಮನಸ್ಸಾಗಲಿಲ್ಲ", "ಕೊನೆಯಂತೂ ಬಿಡಿ". ಅಪ್ಪ ಹಿಗ್ಗಿದರು. ಅಮ್ಮ ಹೂಂ ಎನ್ನುತ್ತಿದ್ದರು. "ವನಜನ ವಿಷಯ ಒಬ್ರೂ ಏನೂ ಕೇಳ್ಲಿಲ್ಲ ನೋಡು" ಎಂದು ನನ್ನ ಬಳಿ ಒಮ್ಮೆ ಹೇಳಿದರು, ಜಡೆ ಹಾಕುವಾಗ.

ಅಷ್ಟರಲ್ಲಿ ನವರಾತ್ರಿ ಬಂತು. ನಮ್ಮ ಮನೆಯಲ್ಲಿ ಗೊಂಬೆ ಕೂರಿಸುವ ಪದ್ಧತಿ. ಪ್ರತಿ ವರ್ಷ ಟ್ರಂಕು, ಸ್ಟೂಲು, ಅಕ್ಕಿ ಡಬ್ಬ ಎಲ್ಲ ಜೋಡಿಸಿ ಮೆಟ್ಟಿಲು ಕಟ್ಟಬೇಕು. ಒಂದು ಎತ್ತರ, ಒಂದು ತಗ್ಗು, ಅಪ್ಪನಿಗೆ ಅದು ಸಹಿಸಲಾಗದ ವಿಷಯ. ಆ ವರ್ಷ ಅಜ್ಜಿ, ಅಂದರೆ ಅಪ್ಪನ ತಾಯಿ, ನಡುಮನೆಯಲ್ಲಿ ನಿಂತು ಎರಡನೇ ಕಂತಿನ ಕಟ್ಟುಗಳನ್ನು ನೋಡಿದರು.

"ಲೋ, ಇವೆಲ್ಲ ಒಂದೇ ಸಮ ಇವೆಯಲ್ಲೋ. ಇಟ್ಟಿಗೆ ಇದ್ದ ಹಾಗಿವೆ."

ಅಪ್ಪನ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಅಂಚಿಗೆ ಅಂಚು ಕೂಡಿಸಿ, ದಾರ ಹಿಡಿದು ನೇರ ನೋಡಿ, ಕಟ್ಟುಗಳನ್ನೆಲ್ಲ ಪೇರಿಸಿ ಮೆಟ್ಟಿಲು ಕಟ್ಟಿದರು. ಮೇಲೆ ಒಗೆದ ಬಿಳಿ ಪಂಚೆ. ತುದಿಯಲ್ಲಿ ಕಳಸ, ಪಕ್ಕದಲ್ಲಿ ರಾಜ ರಾಣಿ ಪಟ್ಟದ ಗೊಂಬೆಗಳು, ಕೆಳಗೆ ಶೆಟ್ಟಿ ದಂಪತಿ, ಬೊಂಬಾಯಿಯ ಗಾಜಿನ ಜಿಂಕೆ, ನನ್ನ ಪ್ಲಾಸ್ಟಿಕ್ ಬಾತುಕೋಳಿ. ಅಮ್ಮ, "ಒಂದು ಕಟ್ಟು ಹೊರಗಿಟ್ಟಿರಿ, ಯಾರಾದ್ರೂ ಕೇಳಿದ್ರೆ" ಎಂದರು. ಒಂದು ಕಟ್ಟು ತೆಗೆದರೆ ಎಡಗಡೆಯ ಮೆಟ್ಟಿಲು ಗಿಡ್ಡವಾಗುತ್ತಿತ್ತು.

"ಹಬ್ಬದಲ್ಲಿ ಪುಸ್ತಕ ಯಾರು ಕೇಳ್ತಾರೆ ಲಲಿತಾ" ಎಂದರು ಅಪ್ಪ.

ಮೂರನೆಯ ದಿನವೇ ಕೇಳಿದರು.

ನಮ್ಮ ಬ್ಲಾಕಿನಲ್ಲಿ ಶಾಮಣ್ಣ ಎಂಬವರು ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಸಣ್ಣ ಲೈಬ್ರರಿ ನಡೆಸುತ್ತಿದ್ದರು. ಅಪ್ಪ ಅವರಿಗೂ ಒಂದು ಪ್ರತಿ ಪುಕ್ಕಟೆ ಕೊಟ್ಟಿದ್ದರು. ಅವತ್ತು ಸಂಜೆ ನಾನು ಮಕ್ಕಳಿಗೆ ಕಡಲೆಕಾಳು ಉಸಲಿ ಹಂಚುತ್ತಿದ್ದಾಗ ಶಾಮಣ್ಣ ಗೇಟು ತೆಗೆದು ಬಂದರು. ಕಂಕುಳಲ್ಲಿ ಅಮ್ಮನ ಪುಸ್ತಕ, ಕ್ಯಾಲೆಂಡರಿನ ಹಾಳೆಯ ಬೈಂಡು ಹಾಕಿದ್ದು.

"ಸಾರ್, ಇದಕ್ಕೆ ಕೊನೆ ಎಲ್ಲಿ?"

"ಕೊನೆ ಅಂದ್ರೆ?"

"ಕೊನೆ ಇಲ್ಲ ಸಾರ್. ಇಟ್ಟಮಡು ಹಳ್ಳಿಯ ಜಯಮ್ಮ ಅಂತ ಒಬ್ರು. ಅವರ ಯಜಮಾನ್ರು ಬೆಳಿಗ್ಗೆ ಈ ಕಡೆ ಹಾಲು ಹಾಕೋಕೆ ಬರ್ತಾರೆ, ಹೋಗ್ತಾ ನಮ್ಮಲ್ಲಿ ಪುಸ್ತಕ ತಗೊಂಡು ಹೋಗ್ತಾರೆ. ಇವತ್ತು ಆ ಯಜಮಾನ್ರು ಬಂದು ನನ್ನ ಮರ್ಯಾದೆ ತೆಗೆದ್ರು. ಹಾಳೆ ಹರಿದಿರೋ ಪುಸ್ತಕಕ್ಕೆ ಬಾಡಿಗೆ ತಗೋತೀಯಾ, ನಮ್ಮನೇಲಿ ನಿನ್ನೆಯಿಂದ ಸರಿಯಾಗಿ ಊಟ ಹಾಕ್ತಿಲ್ಲ ಅಂತ. ಹರಿದಿಲ್ಲ ಸಾರ್, ಹೊಲಿಗೇನೇ ಅಲ್ಲಿಗೆ ನಿಂತಿದೆ. ನೋಡಿ."

ಅಪ್ಪ ಕನ್ನಡಕ ಹಾಕಿಕೊಂಡರು. ಕೊನೆಯ ಸಾಲು ಹೀಗಿತ್ತು: 'ವನಜ ಬಸ್ಸಿನ ಮೆಟ್ಟಿಲಿಗೆ ಒಂದು ಕಾಲಿಟ್ಟು ಹಿಂದಿರುಗಿ ನೋಡಿದಳು. ಅಲ್ಲಿ'. ಅಷ್ಟೇ. ಆಮೇಲೆ ರಟ್ಟು.

"ಇದೊಂದು ಪ್ರತಿ ಕೆಟ್ಟಿದೆ" ಎಂದರು ಅಪ್ಪ. "ಬೇರೆ ಕೊಡ್ತೀನಿ."

"ಒಂದಲ್ಲ ಸಾರ್, ಇನ್ನಷ್ಟು ಕೊಡಿ, ದುಡ್ಡು ಕೊಟ್ಟೇ ತಗೋತೀನಿ. ದಸರಾ ರಜ. ಜಯಮ್ಮ ಹಿಂಗೆ ಜಗಳ ಆಡ್ತಿರೋದು ಕೇಳಿ ಇನ್ನೂ ನಾಲ್ಕೈದು ಜನ ಬೇಕು ಅಂತಿದಾರೆ. ನಾಳೆಗೆ ಬೇಕು."

ಆ ಪುಸ್ತಕ ಹುಟ್ಟಿದಾಗಿನಿಂದ ಬಂದ ಮೊದಲ ಗಿರಾಕಿ. ಅಪ್ಪ ಮೆಟ್ಟಿಲುಗಳ ಕಡೆ ತಿರುಗಿದರು. ಅಜ್ಜಿ ಆಗಲೇ ಅವುಗಳ ಮುಂದೆ ನಿಂತಿದ್ದರು.

"ಮುಟ್ಟಿದ್ರೆ ನೋಡು. ಕಳಸ ಇಟ್ಟಾಗಿದೆ. ಕೂತ ಗೊಂಬೆ ವಿಜಯದಶಮಿ ತನಕ ಅಲ್ಲಾಡೋ ಹಾಗಿಲ್ಲ."

"ಅಮ್ಮಾ, ಕೆಳಗಿನ ಸಾಲಿಂದ ಒಂದೇ ಕಟ್ಟು."

"ಕೆಳಗಿನದು ತೆಗೆದ್ರೆ ಮೇಲಿನದು ಆಕಾಶದಲ್ಲಿ ನಿಲ್ಲುತ್ತೇನೋ? ರಾಜ ಬಿದ್ರೆ ನೀನು ಬಂದು ಕೂರ್ತೀಯಾ ಅಲ್ಲಿ?"

ಶಾಮಣ್ಣ ಉಸಲಿ ತಿನ್ನುತ್ತ ಎಲ್ಲ ಕೇಳಿಸಿಕೊಂಡರು. ಹಬ್ಬ ಮುಗಿದ ಮೇಲೆ ತನಗೆ ಬೇಡ, ಅಷ್ಟು ಹೊತ್ತಿಗೆ ಸ್ಕೂಲು ಶುರುವಾಗಿ ಯಾರೂ ಓದುವುದಿಲ್ಲ ಎಂದು ಹೇಳಿ, ಇನ್ನೊಂದಿಷ್ಟು ಉಸಲಿ ಹಾಕಿಸಿಕೊಂಡು ಹೋದರು. ಅಪ್ಪ ಬಿಡಲಿಲ್ಲ. ಒಂದಾದರೂ ಪೂರ್ತಿ ಪ್ರತಿ ಬೇಕು, ಆ ಇಟ್ಟಮಡುವಿನವರಿಗೆ ಕಳಿಸಬೇಕು. ದೇವರ ಮನೆಯದನ್ನು ತೆಗೆದು ನೋಡಿದರು. ಅದೂ 'ಅಲ್ಲಿ'ಗೆ ನಿಂತಿತ್ತು. ನನ್ನನ್ನು ಪದ್ಮಮ್ಮನ ಮನೆಗೆ ಓಡಿಸಿದರು. ಪದ್ಮಮ್ಮ ಪುಸ್ತಕ ಹಿಡಿದು ತಾವೇ ಬಂದರು.

"ತಗೊಳ್ಳಿ. ಆದ್ರೆ ವಾಪಸ್ ಕೊಡಬೇಕು, ನಮ್ಮ ಅತ್ತಿಗೆಗೆ ಓದೋಕೆ ಕೊಡಬೇಕು. ಆ ಕೊನೆ ಇದೆಯಲ್ಲ ಲಲಿತಮ್ಮ, ಓದಿ ಕಣ್ಣಲ್ಲಿ ನೀರು ಬಂತು."

ಅಪ್ಪ ಹಿಂದಿನಿಂದ ತೆರೆದರು. 'ಅಲ್ಲಿ'. ರಟ್ಟು.

ಅಮ್ಮ ಪದ್ಮಮ್ಮನಿಗೆ ಕುಂಕುಮ ಕೊಟ್ಟು, ಪುಸ್ತಕ ಬೇಡವಂತೆ ಎಂದು ಹಿಂದಿರುಗಿಸಿದರು. ಅಪ್ಪ ಮಾತ್ರ ಅವತ್ತು ಸಂಜೆಯೇ ಸೈಕಲ್ ಹತ್ತಿ ಬ್ಲಾಕಿನಲ್ಲಿದ್ದ ಗುರುತಿನವರ ಮನೆಗಳಿಗೆಲ್ಲ ಹೋಗಿ ಬಂದರು. ಎಲ್ಲ ಕಡೆ ಕಾಫಿ, ಎಲ್ಲ ಕಡೆ ಹೊಗಳಿಕೆ, ಎಲ್ಲ ಕಡೆ 'ಅಲ್ಲಿ'. ಗಣೇಶನ ಹಬ್ಬಕ್ಕೆ ಬೇಕೇ ಬೇಕೆಂದು ಅವರು ಬಾಗಿಲಲ್ಲಿ ನಿಂತಿದ್ದರಲ್ಲ, ಬೈಂಡಿಂಗಿನವನು ಕೊನೆಯ ಹದಿನಾರು ಪುಟ ಅಚ್ಚಾಗುವುದನ್ನು ಕಾಯದೆ ಬಂದಷ್ಟನ್ನು ಹೊಲಿದು ಕಳಿಸಿದ್ದ. ಹೇಳಿದ ಟೈಮಿಗೆ. ಕೊನೆಯಿದ್ದ ಪುಸ್ತಕಗಳೆಲ್ಲ ರಾಜ ರಾಣಿಯರ ಕೆಳಗೆ ಕೂತಿದ್ದವು. ಹಸ್ತಪ್ರತಿ ಪ್ರೆಸ್ಸಿನಲ್ಲಿತ್ತು, ಹಬ್ಬಕ್ಕೆ ಊರಿಗೆ ಹೋದ ಪ್ರೆಸ್ಸಿನವನು ಬೀಗ ಹಾಕಿದ್ದ. ಅಪ್ಪ ಕುರ್ಚಿಯಲ್ಲಿ ಕೂತು ಕೈಗಡಿಯಾರ ಬಿಚ್ಚಿ ಪಕ್ಕಕ್ಕಿಟ್ಟರು. ಹಾಗೆ ಬಿಚ್ಚಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ಮಧ್ಯಾಹ್ನ ಅಮ್ಮ ಒಳ್ಳೆಯ ಸೀರೆ ಉಟ್ಟು ಕುಂಕುಮದ ಭರಣಿ ತೆಗೆದುಕೊಂಡರು. "ನಡಿಯೇ, ಇಟ್ಟಮಡುಗೆ ಹೋಗ್ಬರೋಣ. ಪಾಪ, ಅವರು ಕಾಯ್ತಿದಾರೆ."

ಬನಶಂಕರಿ ದೇವಸ್ಥಾನದವರೆಗೆ ಬಸ್ಸು, ಆಮೇಲೆ ನಡಿಗೆ. ಆಗ ಆ ಕಡೆಯೆಲ್ಲ ರಾಗಿ ಹೊಲ, ಹುಣಸೆ ಮರ, ಮಧ್ಯೆ ಮಧ್ಯೆ ಲೇಔಟಿನ ಗುರುತು ಕಲ್ಲುಗಳು. ಕೇಳಿ ಕೇಳಿ ಜಯಮ್ಮನ ಮನೆ ಹುಡುಕಿದೆವು. ಕೊಟ್ಟಿಗೆಯ ಮುಂದೆ ಹುರುಳಿ ಬೇಯಿಸುತ್ತಿದ್ದ ಗಟ್ಟಿ ಮೈಯ ಹೆಂಗಸು ನಮ್ಮನ್ನು ಕಂಡು ಎದ್ದರು. ಅಮ್ಮ, ತಾನು ಶಾಮಣ್ಣನ ಲೈಬ್ರರಿಯ ಕಡೆಯವಳು, ಆ ಕಾದಂಬರಿಯ ಕೊನೆ ಹೇಳಿ ಹೋಗೋಣವೆಂದು ಬಂದೆ ಎಂದರು.

"ಬನ್ನಿ ಬನ್ನಿ, ಕುಂತ್ಕಳಿ" ಎಂದು ಜಯಮ್ಮ ಚಾಪೆ ಹಾಸಿದರು. "ನೀವು ಪೂರ್ತಿ ಓದಿದೀರಾ?"

"ಓದಿದೀನಿ."

"ಸರಿ, ಹೇಳಿ ಮತ್ತೆ. ಹತ್ತುದ್ಲಾ ಬಸ್ನ?"

ಅಮ್ಮ ಸೆರಗು ಸರಿಮಾಡಿಕೊಂಡರು. "ಇಲ್ಲ. ಹಿಂದೆ ತಿರುಗಿ ನೋಡಿದಾಗ ಅಲ್ಲಿ ಗಂಡ ನಿಂತಿರ್ತಾನೆ. ಮಳೆ ಬರ್ತಿರುತ್ತೆ. ಅವಳು ಮರೆತುಬಂದಿದ್ದ ಕೊಡೆ ಅವನ ಕೈಲಿರುತ್ತೆ. ತಪ್ಪಾಯ್ತು ಅಂತಾನೆ. ಅವಳು ಇಳಿದು ಅವನ ಜೊತೆ ಮನೆಗೆ ಹೋಗ್ತಾಳೆ."

ಜಯಮ್ಮ ಒಲೆಗೆ ಒಂದು ಕಟ್ಟಿಗೆ ತಳ್ಳಿದರು. ಅಮ್ಮನ ಮುಖ ನೋಡಿದರು.

"ಅಷ್ಟೇನಾ?"

"ಅಷ್ಟೇ."

"ಅಲ್ಲ ಕಣವ್ವಾ, ಅಷ್ಟೊಂದು ಅನ್ನುಸ್ಕಂಡು, ಟ್ರಂಕು ಹೊತ್ಕಂಡು ಅಷ್ಟ್ ದೂರ ನಡ್ದು ಬಂದೋಳು, ಒಂದು ಕೊಡೆಗೆ ವಾಪಸ್ ಹೋದ್ಲಾ? ಕೊಡೆ ಅವುಳ್ದೇ ತಾನೇ? ಅವ್ನೇನು ಹೊಸದು ಕೊಡ್ಸುದ್ನಾ?"

ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ನನ್ನ ಮೊಣಕೈ ಹಿಡಿದರು.

"ಮನೆ ಒಡೀಬಾರದು ಅಂತ" ಎಂದರು ಅಮ್ಮ, ಸಣ್ಣ ದನಿಯಲ್ಲಿ.

"ಒಡ್ದಿದ್ದು ಇವ್ಳಾ? ಆ ಅತ್ತೆ ಮಾಡ್ದ ಕೆಲ್ಸ ಮರ್ತೋಯ್ತಾ? ಶ್ರಾದ್ಧದ ದಿನ ಎಲ್ರ ಮುಂದೆ ಸಂಬಳದ ಮಾತೆತ್ತಿ ಅನ್ಲಿಲ್ವಾ ಅವಯ್ಯನ್ ತಾಯಿ? ಆಗೆಲ್ಲೋಗಿತ್ತು ಇವನ ಕೊಡೆ?" ಜಯಮ್ಮ ಸೌಟು ಕೆಳಗಿಟ್ಟರು. "ನಾನು ಮೊನ್ನೇನೇ ಬಸ್ಸು ಹತ್ಸಿ ಕಳ್ಸ್‌ಬಿಟ್ಟೆ ಅವ್ಳನ್ನ. ಹೋಗ್ಲಿ, ಎಲ್ಲೋ ಒಂದು ಇಸ್ಕೂಲಲ್ಲಿ ನೆಮ್ಮದಿಯಾಗಿರ್ಲಿ ಅಂತ. ನೀವು ನೋಡುದ್ರೆ ಇಳಿಸ್ಕಂಡ್ ಬಂದ್ಬುಟ್ರಿ."

ಅಮ್ಮ ತುಂಬ ಹೊತ್ತು ವಾದ ಮಾಡಿದರು. ಅತ್ತೆಯ ಬಗ್ಗೆ, ಗಂಡನ ಬಗ್ಗೆ, ವನಜನ ಹಟದ ಬಗ್ಗೆ. ಪ್ರತಿಯೊಂದಕ್ಕೂ ಜಯಮ್ಮ ಪುಸ್ತಕದಿಂದಲೇ ಉತ್ತರ ಕೊಟ್ಟರು, ಇಂಥ ದಿನ ಇಂಥವರು ಇಂಥ ಮಾತಾಡಿದರೆಂದು, ತಮ್ಮ ಬೀದಿಯಲ್ಲೇ ನಡೆದದ್ದೇನೋ ಎಂಬಂತೆ. ಹುರುಳಿ ಸೀದ ವಾಸನೆ ಬಂದಾಗಲೇ ಇಬ್ಬರಿಗೂ ಎಚ್ಚರ. ಅಮ್ಮನ ಕೆನ್ನೆ ಕೆಂಪಾಗಿತ್ತು. ಅಷ್ಟು ಸಿಟ್ಟಾಗಿದ್ದನ್ನೂ ಅಷ್ಟು ಸಂತೋಷವಾಗಿದ್ದನ್ನೂ ನಾನು ಹಿಂದೆಂದೂ ಒಟ್ಟಿಗೆ ನೋಡಿರಲಿಲ್ಲ.

ಹೊರಡುವಾಗ ಅಮ್ಮ ಕುಂಕುಮ ಕೊಟ್ಟರು. ಜಯಮ್ಮ ನಮಗೂ ಕೊಟ್ಟು, ಒಂದು ಕುಂಬಳಕಾಯಿಯನ್ನು ನನ್ನ ಕೈಗೆ ಹೊರಿಸಿ, ಬಾಗಿಲವರೆಗೆ ಬಂದರು.

"ಹೋಗ್ಲಿ ಬಿಡಿ" ಎಂದರು. "ಮುಂದಿನ್ದು ಬರೀವಾಗ ನೋಡ್ಕಂಡ್ ಬರೀರಿ."

ಅಮ್ಮ ಹುಣಸೆ ಮರಗಳವರೆಗೆ ನಡೆದು, ಅಲ್ಲಿ ನಿಂತು, ಕಣ್ಣು ಒರೆಸಿಕೊಂಡು, "ನಿಮ್ಮಪ್ಪನಿಗೆ ಹೇಳ್ಬೇಡ" ಎಂದರು. ಏನನ್ನು ಎಂದು ನಾನು ಕೇಳಲಿಲ್ಲ.

ವಿಜಯದಶಮಿ ಕಳೆದು ಗೊಂಬೆಗಳನ್ನು ಮಲಗಿಸಿದ ಮೇಲೆ ಅಪ್ಪ ಕಟ್ಟು ಬಿಚ್ಚಿ, ಕೊನೆಯಿದ್ದ ಪ್ರತಿಯನ್ನು ಮೊದಲು ಶಾಮಣ್ಣನಿಗೆ ಕೊಟ್ಟು ಬಂದರು, ಇಟ್ಟಮಡುವಿಗೆ ಕಳಿಸಿ ಎಂದು. ಎರಡು ದಿನದಲ್ಲಿ ಅದು ವಾಪಸ್ಸು ಬಂತು. "ಬೇಡವಂತೆ ಸಾರ್" ಎಂದರು ಶಾಮಣ್ಣ. "ಅವರಿಗೆ ಹಳೇ ಕಾಪೀನೇ ಬೇಕಂತೆ. ಅದೇ ಸರಿಯಾಗಿದೆಯಂತೆ." ಅಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡು ಕೂತರು. ಆಮೇಲೂ ಅವರಿಗೆ ಸಮಾಧಾನವಿಲ್ಲ, ತಪ್ಪಿದ ಪುಟಗಳನ್ನು ಬೇರೆಯಾಗಿ ಹೊಲಿಸಿ ಮನೆಮನೆಗೆ ಹೋಗಿ ಅಂಟಿಸಿ ಬರುತ್ತೇನೆ ಎಂದರು.

"ಕೇಳಿದವರಿಗೆ ಮಾತ್ರ ಕೊಡೋಣ" ಎಂದರು ಅಮ್ಮ.

ಯಾರೂ ಕೇಳಲಿಲ್ಲ.

ಈಗ ಅಮ್ಮ ಇಲ್ಲ, ಅಪ್ಪ ಇಲ್ಲ. ಇಟ್ಟಮಡುವಿನಲ್ಲಿ ಆ ಹುಣಸೆ ಮರಗಳಿದ್ದ ಜಾಗವನ್ನು ಆಟೋದವನಿಗೆ ತೋರಿಸಿ ಹೇಳಲು ಹೋಗಿ ನಾನೇ ದಾರಿ ತಪ್ಪಿದ್ದೇನೆ. ಹೋದ ವರ್ಷ ನಾನೂ ಒಂದು ಪುಸ್ತಕ ಬರೆದು ನಾನೇ ಅಚ್ಚು ಹಾಕಿಸಿದೆ. ಈಗ ಎಲ್ಲ ಸುಲಭ. ಬೇಕೆಂದಷ್ಟೇ ಪ್ರತಿ, ಮಂಚದ ಕೆಳಗೆ ಕಟ್ಟುಗಳಿಲ್ಲ, ಹೇಳಿದ ದಿನಕ್ಕೆ ಬಾಗಿಲಿಗೆ ಬರುತ್ತದೆ. ಫೋನಿನಲ್ಲಿ ಮುಖಪುಟದ ಚಿತ್ರ ಹಾಕಿದ ಮರುಗಳಿಗೆಗೇ ಹೂಗುಚ್ಛ, ಚಪ್ಪಾಳೆ, ಕೈ ಮುಗಿದ ಚಿತ್ರಗಳು. ಪುಸ್ತಕ ಇನ್ನೂ ಲಕೋಟೆಯಲ್ಲಿದ್ದಾಗಲೇ ಒಬ್ಬರು 'ಕೊನೆಯಂತೂ ಅದ್ಭುತ ಮೇಡಂ' ಎಂದು ಬರೆದರು.

ಮೊನ್ನೆ ಒಂದು ಪ್ರತಿ ತೆಗೆದು ನಾನೇ ಹಾಳೆಗಳನ್ನು ಎಣಿಸಿ ನೋಡಿದೆ. ಎಲ್ಲ ಸರಿಯಾಗಿವೆ, ಒಂದೂ ತಪ್ಪಿಲ್ಲ. ಯಾರಾದರೂ ಗೇಟು ತೆಗೆದು ಬಂದು ಜಗಳವಾಡಲು ಒಂದು ಪುಟವನ್ನೂ ಕೈಬಿಟ್ಟಿಲ್ಲ ಈ ಪ್ರೆಸ್ಸಿನವರು.